ಹನ್ನೆರಡು ರೀಲು, ಒಂದೇ ಬಣ್ಣ

ಕೊಯಿಸೆ ಬಂದರು
18 ಫೆಬ್ರವರಿ 2003

ನೊಬು,

ಬಾಡಿಗೆ ರೀಲುಗಳ ದಾರ ಸತ್ತಿದೆ. ಹೋದ ಭಾನುವಾರ ಹಿರೋಶಿಮಾದ ಗಿರಾಕಿಯೊಬ್ಬ ಮೀನು ಎಳೆಯುವಾಗ ನಡುನೀರಿನಲ್ಲೇ ತುಂಡಾಯಿತು. "ತಾಂಡೇಲ್ರೇ, ಇದು ದಾರಾನೋ, ನಿನ್ನೆ ಉಳಿದ ಸೋಬಾ ಶಾವಿಗೇನೋ?" ಅಂದ. ದೋಣಿಯಲ್ಲಿದ್ದ ಹತ್ತೂ ಜನ ನಕ್ಕರು. ಚುಕ್ಕಾಣಿ ಹಿಡಿದಿದ್ದ ನಾನೂ ನಕ್ಕೆ. ನಗದಿದ್ದರೆ ಮುಂದಿನ ವಾರ ಪಕ್ಕದ ಕಟ್ಟೆಯ ಹಿರೋಸೆಯ ದೋಣಿ ಹತ್ತುತ್ತಾರೆ.

ಹನ್ನೆರಡು ರೀಲು. ಒಂದೊಂದಕ್ಕೆ ಇನ್ನೂರು ಮೀಟರ್. ವಸಂತದಲ್ಲಿ ತೈ ಮೀನು, ಬೇಸಿಗೆಯ ರಾತ್ರಿಗಳಲ್ಲಿ ಹಿಡಿಯುವ ಬೊಂಡಾಸ್, ಎರಡಕ್ಕೂ ಆಗಬೇಕು. ಹೆಣೆದ ದಾರವೇ ಬೇಕು. ನೈಲಾನ್ ಹಾಕಿದರೆ ಎಂಬತ್ತು ಮೀಟರ್ ಕೆಳಗೆ ಮೀನು ಕಚ್ಚಿದ್ದು ಮೇಲಿನವನಿಗೆ ಮರುದಿನ ಗೊತ್ತಾಗುತ್ತದೆ.

ನೀನು ದಾರದ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಅನ್ನ ತಿಂದವನು. ಒಳ್ಳೆಯದು ಯಾವುದೋ ಆರಿಸಿ ಕಳಿಸು. ಕ್ಯಾಟಲಾಗು ಬೇಡ. ಅದನ್ನು ಬರೆಯುವವನು ಯಾರೆಂದು ನನಗೆ ಗೊತ್ತು.

ಒಂದೇ ಶರತ್ತು. ಬಣ್ಣಬಣ್ಣದ್ದು ಬೇಡ, ಒಂದೇ ಬಣ್ಣದ್ದು ಸಾಕು. ಬಿಳಿಯಾದರೂ ಸರಿ.

ಫೋನು ಮಾಡಬೇಡ. ಫೋನಿನಲ್ಲಿ ನೀನು ನಗುತ್ತೀಯ. ನನಗೆ ತಕ್ಕ ಉತ್ತರ ಹೊಳೆಯುವಷ್ಟರಲ್ಲಿ ಇಟ್ಟುಬಿಡುತ್ತೀಯ.

ಇಸಾಕು


ಟೋಕಿಯೊ
24 ಫೆಬ್ರವರಿ 2003

ಅಣ್ಣಾ,

ಪ್ಲಮ್ ಹೂಗಳು ಅರಳಿ ನಗುವ ಈ ದಿನಗಳಲ್ಲಿ ತಾವೂ ತಮ್ಮ ಕುಟುಂಬವೂ ಕ್ಷೇಮವೆಂದು ನಂಬಿದ್ದೇನೆ. ಹೆದರಬೇಡ, ಇದು ನಮ್ಮ ಕಚೇರಿಯ ಮಾದರಿ ಒಕ್ಕಣೆ, ಫೆಬ್ರವರಿ ತಿಂಗಳಿಗೆ ಮೀಸಲು. ನಿನ್ನ ಪತ್ರದಲ್ಲಿ ಹೂವೂ ಇಲ್ಲ, ಕ್ಷೇಮವೂ ಇಲ್ಲ. ತೆರೆದೊಡನೆ ಸತ್ತ ದಾರ. ಹೂವಿಲ್ಲದ ಶವಯಾತ್ರೆಯನ್ನು ನಾನು ಇದೇ ಮೊದಲು ನೋಡಿದ್ದು.

ನಿನಗೋಸ್ಕರ ಶನಿವಾರ ಉಯೆನೊಗೆ ಹೋಗಿದ್ದೆ. ಸ್ವಂತ ಕಂಪನಿಯ ಮಾಲು ಬಿಟ್ಟು ಅಂಗಡಿ ಸುತ್ತುವುದೇಕೆ ಎನ್ನಬೇಡ. ಮದುವೆಯಾದವನೂ ಬೀದಿಯಲ್ಲಿ ತಲೆ ತಗ್ಗಿಸಿಯೇ ನಡೆಯುವುದಿಲ್ಲ. ಅಲ್ಲಿನ ಗಾಳದ ಅಂಗಡಿಯೊಂದರ ಮೂರನೆಯ ಮಹಡಿಯಲ್ಲಿ ನೆಲದಿಂದ ಸೂರಿನವರೆಗೆ ದಾರದ ಡಬ್ಬಿಗಳದೇ ಒಂದು ಗೋಡೆಯಿದೆ. ನಾಲ್ಕೆಳೆ, ಎಂಟೆಳೆ, ಈಗ ಹನ್ನೆರಡೆಳೆ. ಎಳೆ ಹೆಚ್ಚಿದಷ್ಟೂ ದಾರ ನುಣುಪು, ಬೆಲೆ ಒರಟು. ಒಂದೂವರೆ ನಂಬರು ಎಂದು ಡಬ್ಬಿಯ ಮೇಲಿರುತ್ತದೆ. ಆದರೆ ಒಬ್ಬೊಬ್ಬ ತಯಾರಕನ ಒಂದೂವರೆ ಒಂದೊಂದು ದಪ್ಪ. ತಾಳುವ ತೂಕವೂ ಹಾಗೇ. ಒಬ್ಬ ನೂರು ತುಂಡು ಎಳೆದು ನೋಡಿ ಸರಾಸರಿ ಬರೆಯುತ್ತಾನೆ, ಇನ್ನೊಬ್ಬ ನೂರರಲ್ಲಿ ಗಟ್ಟಿ ಹೊರಟ ಒಂದೇ ತುಂಡಿನ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆಯುತ್ತಾನೆ. ಎರಡನೆಯವನ ಬಳಿ ನನಗೆ ಕೆಲಸ.

ಅಲ್ಲೊಬ್ಬ ಮುದುಕ ಮಾರುವ ಹುಡುಗಿಯನ್ನು ಹಿಡಿದುಕೊಂಡಿದ್ದ.

"ಇದ್ರಲ್ಲಿ ಯಾವ್ದಮ್ಮಾ ತುಂಡಾಗಲ್ಲ?"

"ಯಾವ್ದೂ ತುಂಡಾಗಲ್ಲ ತಾತ. ಎಲ್ಲಾ ಡಬ್ಬಿ ಮೇಲೂ ಬರ್ದಿದೆ ನೋಡಿ."

"ಹಂಗಾದ್ರೆ ಪ್ರತಿ ವರ್ಷ ಯಾಕಮ್ಮಾ ಮಾರ್ತೀರಿ?"

ಹುಡುಗಿ ಅವನ ಕೈಗೆ ಹನ್ನೆರಡೆಳೆಯ ಡಬ್ಬಿ ಕೊಟ್ಟಳು.

ಸರಿ, ಆರಿಸೋಣ. ನಾಲ್ಕೆಳೆಯದು ಬಂಡೆಗೆ ಉಜ್ಜಿದರೂ ತಡೆಯುತ್ತದೆ. ಆದರೆ ಕೋಲಿನ ಉಂಗುರಗಳಲ್ಲಿ ಓಡುವಾಗ ಕಿರ್ರೋ ಅನ್ನುತ್ತದೆ, ನಿನ್ನ ಹಾಗೆ. ಎಂಟೆಳೆಯದು ಸದ್ದಿಲ್ಲದೆ ಜಾರುತ್ತದೆ, ನೋಡಲು ಹೊಳಪು, ಬಂಡೆ ಕಂಡರೆ ಮಾತ್ರ ಎಳೆ ಬಿಚ್ಚಿಕೊಂಡು ಸೋಲುತ್ತದೆ, ನನ್ನ ಹಾಗೆ. ನಿಮ್ಮ ಕಡಲ ತಳ ಮರಳು, ಬಂಡೆಯ ಭಯವಿಲ್ಲ. ಆದ್ದರಿಂದ ಎಂಟೆಳೆ, ಒಂದೂವರೆ ನಂಬರು. ಬಾಡಿಗೆಯ ರೀಲು ಹಿಡಿಯುವವರು ಹೊಸಬರು. ಹೊಸಬರಿಗೆ ಜಾರುವ ದಾರವೇ ಬೇಕು.

ಆದರೆ ಒಂದೇ ಬಣ್ಣ ಯಾಕೆ? ಒಂದೇ ಬಣ್ಣದ್ದನ್ನು ಕೊಳ್ಳುವವರು ದಡದಲ್ಲಿ ನಿಂತು ಎಸೆಯುವವರು. ದೋಣಿಯವರಿಗೆ ಐದು ಬಣ್ಣ. ಹತ್ತು ಮೀಟರ್ ನೀಲಿ, ಹತ್ತು ಕಿತ್ತಳೆ, ಹತ್ತು ಹಸಿರು, ಆಮೇಲೆ ಕೆಂಪು, ನೇರಳೆ, ಮತ್ತೆ ನೀಲಿ. ನೀನು ಧ್ವನಿವರ್ಧಕದಲ್ಲಿ "ನಲವತ್ತು ಮೀಟರ್" ಅಂದರೆ ನಾಲ್ಕು ಬಣ್ಣ ಬಿಟ್ಟು ನಿಲ್ಲಿಸಿದರಾಯಿತು. "ಕಡಲನ್ನು ಬಣ್ಣದಲ್ಲಿ ಎಣಿಸಿ" ಎಂದು ಡಬ್ಬಿಯ ಮೇಲೆ ಹನ್ನೆರಡು ವರ್ಷದಿಂದ ಇರುವ ಸಾಲು ನನ್ನದು. ನನ್ನ ಜೀವಮಾನದ ಸಾಹಿತ್ಯ ಅಷ್ಟೇ. ನನ್ನ ಒಡಹುಟ್ಟಿದವನೇ ಅದನ್ನು ಬಿಳಿ ದಾರದಿಂದ ಒರೆಸುತ್ತೇನೆಂದರೆ ಹೇಗೆ?

ಅಂದಹಾಗೆ ಕಂಪನಿಯ ಗಾಳಿ ಸರಿಯಿಲ್ಲ. ಹೊರಗೆ ಹಾಕಿದರೆ ಅಮ್ಮನ ಹೆಸರಿನ ದೋಣಿಯಲ್ಲಿ ಒಂದು ಕೆಲಸ ಕೊಡುತ್ತೀಯಾ? ಎರೆ ಹೆಚ್ಚುತ್ತೇನೆ, ಗಿರಾಕಿಗಳ ವಾಂತಿ ತೊಳೆಯುತ್ತೇನೆ, ನಿನ್ನ ಬೈಗುಳಗಳಿಗೆ ನಂಬರು ಹಾಕಿ ಕ್ಯಾಟಲಾಗು ಮಾಡುತ್ತೇನೆ.

ಅತ್ತಿಗೆಗೆ ನಮಸ್ಕಾರ.

ನೊಬುಹಿಕೊ


ಕೊಯಿಸೆ
3 ಮಾರ್ಚ್ 2003

ನೊಬು,

ಎಂಟೆಳೆ, ಒಂದೂವರೆ. ಒಪ್ಪಿದೆ. ಬಣ್ಣ ಬೇಡ ಅಂದೆ, ಬೇಡ. ಬಣ್ಣ ಎಣಿಸುವವರು ದಾರ ನೋಡುತ್ತಾ ಕೂರುತ್ತಾರೆ, ಕಡಲು ನೋಡುವುದಿಲ್ಲ. ಮೇಲಾಗಿ ಬಣ್ಣ ಬಿಡುತ್ತದೆ. ನಿನ್ನ ಮಾತಿಗೂ ಅದೇ ದೋಷ.

ಸುಮಿ ಮಾರುವಿನಲ್ಲಿ ಕೆಲಸದ ಮಾತು. ಈ ದೋಣಿಗೆ ಒಬ್ಬ ತಾಂಡೇಲ ಸಾಕು. ಪೆನ್ನು ಹಿಡಿದ ಕೈಗೆ ಉಪ್ಪುನೀರು ಹತ್ತಿದರೆ ಬಿರಿಯುತ್ತದೆ. ಅಪ್ಪ ನನಗೆ ದೋಣಿ ಕೊಟ್ಟ, ನಿನಗೆ ಕಾಲೇಜು ಕೊಟ್ಟ. ಅವರವರ ಪಾಲು ಅವರವರು ತಿನ್ನಬೇಕು.

ನಿನ್ನ ಅತ್ತಿಗೆ ತೊಮೆಕೊ ಕಡಲಿನ ಒಣ ವಕಾಮೆ ಸೊಪ್ಪು ಕಳಿಸಿದ್ದಾಳೆ. ನೀರಿನಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನೆನೆಸಬೇಡವಂತೆ.

ಇಸಾಕು


ಟೋಕಿಯೊ
10 ಮಾರ್ಚ್ 2003

ಅಣ್ಣಾ,

ತಮಾಷೆಗೆ ಕೇಳಿದ ಕೆಲಸಕ್ಕೆ ಇಷ್ಟು ಗಂಭೀರವಾದ ತಿರಸ್ಕಾರಪತ್ರ ಬರುತ್ತದೆಂದು ಗೊತ್ತಿದ್ದರೆ ಅರ್ಜಿಯ ಜೊತೆ ಫೋಟೋ ಲಗತ್ತಿಸುತ್ತಿದ್ದೆ. ಇರಲಿ. ನನ್ನ ಪಾಲಿನ ಕಾಲೇಜನ್ನು ಚೆನ್ನಾಗಿ ಜಗಿದು ತಿನ್ನುತ್ತಿದ್ದೇನೆ.

ಇದರೊಂದಿಗೆ ಹನ್ನೆರಡು ಉರುಳೆ ಕಳಿಸಿದ್ದೇನೆ. ಎಂಟೆಳೆ, ಒಂದೂವರೆ ನಂಬರು, ಐದು ಬಣ್ಣ. ಹೌದು, ಐದು. ಕೋಪಿಸಿಕೊಂಡು ಹಿಂದಕ್ಕೆ ಕಳಿಸಬೇಡ, ಕಾರಣ ಕೇಳು. ಮೇ ತಿಂಗಳಲ್ಲಿ ನಮ್ಮ ಕಂಪನಿಯ ದಾರ ಪರೀಕ್ಷಕ ಕುಬೊದೆರಾ ಅವರನ್ನೂ ಒಬ್ಬ ಛಾಯಾಗ್ರಾಹಕನನ್ನೂ ನಿನ್ನ ದೋಣಿಗೆ ಕಳಿಸುತ್ತಿದ್ದೇನೆ. ಶರತ್ಕಾಲದ ಕ್ಯಾಟಲಾಗಿನ ನಡುಪುಟದಲ್ಲಿ ಕೊಯಿಸೆಯ ಕಡಲು, ದೊಡ್ಡ ಕೆಂಪು ತೈ, ನಮ್ಮ ದಾರ, ಹಿಂದೆ ಸುಮಿ ಮಾರು. ಇಡೀ ದೇಶದ ಅಂಗಡಿಗಳಿಗೆ ಹೋಗುತ್ತದೆ. ಹಿರೋಸೆಯ ದೋಣಿ ಹತ್ತುವವರು ಆಮೇಲೆ ನಿನ್ನ ಕಟ್ಟೆಯಲ್ಲಿ ಸಾಲು ನಿಲ್ಲುತ್ತಾರೆ. ಆ ಚಿತ್ರದಲ್ಲಿ ಬಾಡಿಗೆ ರೀಲುಗಳಲ್ಲಿ ಬಿಳಿ ದಾರವಿದ್ದರೆ ನನ್ನ ಮುಖ ಅದಕ್ಕಿಂತ ಬಿಳಿಯಾಗುತ್ತದೆ.

ನಾನೇ ಬರಬೇಕೆಂದಿತ್ತು. ಆ ವಾರ ಮೀಟಿಂಗು.

ನೊಬುಹಿಕೊ


ಕೊಯಿಸೆ
16 ಮಾರ್ಚ್ 2003
(ಅಂಚೆಗೆ ಹಾಕದ್ದು)

ನೊಬು,

ದಾರ ಬಂತು. ಡಬ್ಬಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ನೀಲಿ ಗೊತ್ತಾಯಿತು. ಉಳಿದ ನಾಲ್ಕೂ ನನಗೆ ಒಂದೇ, ಹಳೆಯ ಚಹಾದ ಬಣ್ಣ.

ಎರಡು ವರ್ಷವಾಯಿತು. ಮತ್ಸುಯೆಯ ಕಣ್ಣಿನ ಡಾಕ್ಟರು ನರ ಒಣಗುತ್ತಿದೆ ಅಂದರು, ಆಪರೇಷನ್ನಿಗೆ ಬಗ್ಗುವ ಕಾಯಿಲೆಯಲ್ಲ ಅಂದರು. ಮೊದಲು ಬಣ್ಣ ಹೋಗುತ್ತದಂತೆ, ಆಮೇಲೆ ನೋಟದ ನಡುಭಾಗ. ಊರಲ್ಲಿ ತೊಮೆಕೊಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಅಕ್ಟೋಬರಿನಲ್ಲಿ ನನ್ನ ಪರವಾನಗಿ ನವೀಕರಣ. ಕತ್ತಲೆ ಪೆಟ್ಟಿಗೆಯಲ್ಲಿ ಪುಟ್ಟ ದೀಪ ತೋರಿಸಿ ಕೆಂಪೋ ಹಸಿರೋ ಬಿಳಿಯೋ ಎಂದು ಕೇಳುತ್ತಾರೆ. ಎದುರು ಬರುವ ದೋಣಿಯ ಎಡಬದಿ ಕೆಂಪು, ಬಲಬದಿ ಹಸಿರು, ಅದು ತಿಳಿಯದವನು ಕತ್ತಲಲ್ಲಿ ದೋಣಿ ಬಿಡಬಾರದು. ತಪ್ಪಿದರೆ ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮುಂಚೆ ಮಾತ್ರ ಎಂದು ಬರೆದುಕೊಡುತ್ತಾರೆ. ಕೊಯಿಸೆಯಲ್ಲಿ ಬೆಳಗಾದ ಮೇಲೆ ಹೊರಡುವ ದೋಣಿಗೆ ಯಾರು ಬರುತ್ತಾರೆ? ಬೊಂಡಾಸ್ ಅಂತೂ ಕತ್ತಲೆಯದೇ ಬೇಟೆ. ದೋಣಿ ಹೋದ ಹಾಗೆಯೇ.

ಬಿಳಿ ದಾರ ಕೇಳಿದ್ದು ಅದಕ್ಕೆ. ಹತ್ತು ಹತ್ತು ಮೀಟರಿಗೆ ಹತ್ತಿ ನೂಲು ಸುತ್ತಿ ಗಂಟು ಹಾಕಿದರೆ ಬೆರಳಿಗೆ ಸಿಗುತ್ತದೆ. ಹೊಸಬರು ರೀಲು ತಂದು "ತಾಂಡೇಲ್ರೇ, ಈಗ ನಂದು ಯಾವ ಬಣ್ಣದಲ್ಲಿದೆ?" ಎಂದು ಮುಖದ ಮುಂದೆ ಹಿಡಿಯುತ್ತಾರಲ್ಲ, ಅದು ತಪ್ಪುತ್ತದೆ.

ದೋಣಿಯ ಮೇಲೆ ಇನ್ನೊಂದು ಜೊತೆ ಕಣ್ಣು ಬೇಕು. ಹೊರಗಿನವನದಾದರೆ ಸಂಜೆಯೊಳಗೆ ಬಂದರಿಗೆಲ್ಲ ಗೊತ್ತು. ನೀನು ಕೆಲಸ ಕೇಳಿದ್ದು ತಮಾಷೆಗೋ ನಿಜಕ್ಕೋ ನನಗೆ ತಿಳಿಯಲಿಲ್ಲ. ನಿನ್ನ ಮಾತಿನಲ್ಲಿ ಅದು ಯಾವತ್ತೂ ತಿಳಿದಿಲ್ಲ. ನಿಜವಾದರೆ ಬಾ. ದೀಪ ನೋಡಿ ಹೇಳುವವನು ನೀನಾದರೆ


ಕೊಯಿಸೆ
17 ಮಾರ್ಚ್ 2003

ನೊಬು,

ದಾರ ಬಂತು. ಸುತ್ತಿದೆ. ನಿನ್ನ ಹಟ ನೀನು ಗೆದ್ದೆ.

ನಿನ್ನ ಜನ ಬರಲಿ. ದೋಣಿಯ ಮೇಲೆ ಸಿಗರೇಟು ಸೇದಬಾರದೆಂದು ಹೇಳು.

ಇಸಾಕು


ಟೋಕಿಯೊ
20 ಮೇ 2003

ಶ್ರೀ ಕಾಜಿತಾನಿ ಇಸಾಕು ಅವರಿಗೆ,

ಎಳೆಹಸುರಿನ ತಂಗಾಳಿ ಮೈಗೆ ಹಿತವಾಗಿರುವ ಈ ಋತುವಿನಲ್ಲಿ ತಾವು ಆರೋಗ್ಯದಿಂದಿರುವಿರೆಂದು ಹಾರೈಸುತ್ತೇನೆ. ಈ ಸಲ ಇದು ಮಾದರಿ ಒಕ್ಕಣೆಯ ಅಣಕವಲ್ಲ. ನಿಮಗೆ ಬರೆಯಲು ನನ್ನ ಸ್ವಂತದ್ದೇನೂ ಉಳಿದಿಲ್ಲವಾದ್ದರಿಂದ ಕಚೇರಿಯದನ್ನು ಬಳಸುತ್ತಿದ್ದೇನೆ.

ಹದಿನೇಳನೆಯ ತಾರೀಖು ಶನಿವಾರ ನಡೆದದ್ದನ್ನು ಕುಬೊದೆರಾ ಅವರು ನನ್ನ ಮೇಜಿನ ಮುಂದೆ ನಿಂತು ಹೇಳಿದರು. ಅವರ ಕೋಲಿಗೆ ಸಿಕ್ಕಿದ್ದು ಇಪ್ಪತ್ತು ವರ್ಷದಲ್ಲಿ ಅವರು ಕಾಣದಂಥ ತೈ. ಅದನ್ನು ಹದಿನೈದು ಮೀಟರಿನವರೆಗೆ ಮೇಲೆ ತಂದಿದ್ದರು. ಆಗ ಪಕ್ಕದ ಹೊಸಬನ ಬಾಡಿಗೆ ರೀಲಿನ ದಾರ ಬಂದು ಅವರದಕ್ಕೆ ಸುತ್ತಿಕೊಂಡಿತು. ದಾರಗಳು ಹೀಗೆ ಹೆಣೆದುಕೊಳ್ಳುವುದನ್ನು ದೋಣಿಯವರೆಲ್ಲ 'ಹಬ್ಬ' ಎನ್ನುತ್ತೀರಿ. ಹಬ್ಬದಲ್ಲಿ ತಾಂಡೇಲನ ಕತ್ತರಿಯೇ ಕೊನೆಯ ಮಾತು, ಮೀನಿಲ್ಲದ ದಾರವನ್ನು ಕತ್ತರಿಸಿ ಮೀನಿರುವುದನ್ನು ಉಳಿಸುವುದು ಅವನ ಧರ್ಮ. ಇದನ್ನು ನನಗೆ ಎಂಟನೆಯ ವಯಸ್ಸಿನಲ್ಲಿ ಹೇಳಿಕೊಟ್ಟವರು ನೀವು.

ಕುಬೊದೆರಾ ಅವರ ಮಾತನ್ನು ಹಾಗೇ ಬರೆಯುತ್ತೇನೆ. "ನಾನು ಮೂರು ಸಲ ಕೂಗಿದೆ ಕಣ್ರೀ. 'ಹಸಿರು ಕತ್ತರಿಸಿ, ತಾಂಡೇಲ್ರೇ, ಕಿತ್ತಳೆ ನಂದು, ಹಸಿರು, ಹಸಿರು!' ಅಂತ. ನಿಮ್ಮಣ್ಣ ಎರಡೂ ದಾರಾನ ಕಣ್ಣಿನ ಹತ್ರ ಹಿಡ್ಕೊಂಡ್ರು. ನೋಡಿದ್ರು. ನನ್ನ ಮುಖಾನೂ ನೋಡಿದ್ರು. ಆಮೇಲೆ ಕಿತ್ತಳೇನ ಕತ್ತರಿಸಿದ್ರು."

ಛಾಯಾಗ್ರಾಹಕ ಎಲ್ಲವನ್ನೂ ಹಿಡಿದಿದ್ದಾನೆ. ಕತ್ತರಿ, ಕಿತ್ತಳೆ ದಾರದ ತುದಿ, ನಿಮ್ಮ ಮುಖ. ಒಳ್ಳೆಯ ಬೆಳಕು. ಕ್ಯಾಟಲಾಗಿಗೆ ಮಾತ್ರ ಬರುವುದಿಲ್ಲ.

ನಡುಪುಟ ರದ್ದಾಗಿದೆ. ಜೂನ್ ಒಂದರಿಂದ ನನಗೆ ಸೈತಾಮಾದ ಗೋದಾಮಿಗೆ ವರ್ಗ. ಕುಬೊದೆರಾ ಅವರು ಕೊಯಿಸೆಯ ದೋಣಿ ಸಂಘಕ್ಕೆ ದೂರು ಬರೆದರು. ಅವರಿಗೆ ವಿಳಾಸ ಕೊಟ್ಟವನು ನಾನೇ. ಒಕ್ಕಣೆ ತಿದ್ದಿದವನೂ ನಾನೇ, ಅವರ ಭಾಷೆ ಸ್ವಲ್ಪ ಸೌಮ್ಯವಾಗಿತ್ತು.

ನಾನು ತಿಳಿಯಬೇಕಾದದ್ದು ಒಂದೇ. ಬಣ್ಣದ ದಾರ ಕಳಿಸಿದ ಸಿಟ್ಟಿಗೆ ಕತ್ತರಿಸಿದಿರೋ, ಕಾಲೇಜಿನ ಸಿಟ್ಟಿಗೋ? ಅಥವಾ ಕೈತಪ್ಪಿತೋ? ಕೈತಪ್ಪಿತೆಂದು ಒಂದು ಸಾಲು ಬರೆಯಿರಿ, ನಂಬುತ್ತೇನೆ.

ಕಾಜಿತಾನಿ ನೊಬುಹಿಕೊ


ಕೊಯಿಸೆ
26 ಮೇ 2003

ನೊಬುಹಿಕೊ,

ನಿನ್ನೆ ಸಂಘದ ಕೋಣೆಗೆ ಕರೆಸಿದ್ದರು. ಹದಿನಾರು ಜನ ಕೂತಿದ್ದರು, ಹಿರೋಸೆಯೂ ಇದ್ದ. ಅಧ್ಯಕ್ಷರು ದೂರು ಓದಿದರು. ನೀನು ತಿಳಿಸದಿದ್ದರೂ ಎರಡನೆಯ ವಾಕ್ಯಕ್ಕೇ ಇದು ಯಾರ ಕೈಯೆಂದು ತಿಳಿಯುತ್ತಿತ್ತು.

"ಇಸಾಕು, ಮೂರು ಸಲ ಹಸಿರು ಅಂತ ಕೂಗಿದ್ದಾರೆ. ಕಣ್ಣು ಕಾಣ್ಲಿಲ್ವಾ, ಬೇಕಂತ್ಲೇ ಮಾಡಿದ್ಯಾ? ಎರಡ್ರಲ್ಲಿ ಒಂದು ಹೇಳು" ಅಂದರು.

ಹೇಳಿದೆ. ನಿನಗೂ ಅದನ್ನೇ ಹೇಳುತ್ತೇನೆ. ಬೇಕಂತಲೇ ಕತ್ತರಿಸಿದೆ. ನಿನ್ನ ಕಂಪನಿಯ ಜನ ನನ್ನ ದೋಣಿಯ ಮೇಲೆ ನಿಂತು ನನಗೇ ಅಪ್ಪಣೆ ಕೊಡುವುದು ಸಹಿಸಲಿಲ್ಲ.

ಎರಡು ತಿಂಗಳು ದೋಣಿ ಕಟ್ಟೆ ಬಿಡುವಂತಿಲ್ಲ. ಬೊಂಡಾಸ್ ಕಾಲ ಹೋಯಿತು. ಪರವಾಗಿಲ್ಲ.

ನಿನಗೆ ಬೇಕಾಗಿದ್ದ ಸಾಲು ಇದಲ್ಲ. ನನ್ನಲ್ಲಿ ಇರುವುದು ಇದೇ.

ಇಸಾಕು


ಸೈತಾಮಾ
25 ಜುಲೈ 2003
(ಅಂಚೆ ಕಾರ್ಡು, ಮೇಲೆ ಅಚ್ಚಾದ ಕಲ್ಲಂಗಡಿ ಚಿತ್ರ)

ಬೇಸಿಗೆಯ ಝಳದಲ್ಲಿ ತಮ್ಮ ಆರೋಗ್ಯ ವಿಚಾರಿಸುತ್ತಿದ್ದೇವೆ.

ಈ ಕಾರ್ಡು ಅತ್ತಿಗೆಗೆ ಮಾತ್ರ.

ನೊಬುಹಿಕೊ


ಕೊಯಿಸೆ
19 ನವೆಂಬರ್ 2003

ನೊಬು,

ದಪ್ಪ ಕುಂಚದಲ್ಲಿ ಬರೆಯುತ್ತಿದ್ದೇನೆ, ಸಾಲು ಸೊಟ್ಟಗಾದರೆ ನಗಬೇಡ.

ಅಕ್ಟೋಬರ್ ಇಪ್ಪತ್ತೊಂದಕ್ಕೆ ನವೀಕರಣಕ್ಕೆ ಹೋದೆ. ಪೆಟ್ಟಿಗೆಯೊಳಗೆ ದೀಪ ಹತ್ತಿಸಿದರು. ಚಿಕ್ಕ ಹುಡುಗಿ, ಒಳ್ಳೆಯವಳು. "ಅವಸರ ಇಲ್ಲ ಮಾವ, ನಿಧಾನಕ್ಕೆ ನೋಡಿ" ಅಂದಳು. ನಿಧಾನಕ್ಕೆ ನೋಡಿದೆ. ಆರರಲ್ಲಿ ನಾಲ್ಕು ತಪ್ಪು. ಎರಡು ಸರಿಯಾದದ್ದು ಊಹೆ.

ನನಗೆ ಬಣ್ಣ ಕಾಣುವುದಿಲ್ಲ. ಮೂರನೆಯ ವರ್ಷ ಇದು. ನಿನ್ನ ದಾರದಲ್ಲಿ ನೀಲಿ ಒಂದು ಗೊತ್ತಾಗುತ್ತಿತ್ತು. ಆವತ್ತು ಕುಬೊದೆರಾ ಹಸಿರು ಹಸಿರು ಎಂದು ಕೂಗಿದರು, ನನ್ನ ಕೈಯಲ್ಲಿ ಎರಡು ಚಹಾ ಬಣ್ಣದ ದಾರ ಇತ್ತು. ಬೆರಳಲ್ಲಿ ಎಳೆದು ನೋಡಿದೆ, ಎರಡರಲ್ಲೂ ಮೀನಿನ ಗುದ್ದು ಬರುತ್ತಿತ್ತು. ಅವರ ಮುಖ ನೋಡಿದ್ದು ಯಾವ ಕೈ ನೋಡುತ್ತಿದ್ದಾರೆಂದು ತಿಳಿಯಲು. ತಿಳಿಯಲಿಲ್ಲ. ಒಂದನ್ನು ಕತ್ತರಿಸಿದೆ.

ಸಂಘದಲ್ಲಿ ಕಾಣಲಿಲ್ಲ ಅಂದಿದ್ದರೆ ಆವತ್ತೇ ದೋಣಿ ಹೋಗುತ್ತಿತ್ತು. ಬೇಕಂತಲೇ ಅಂದಿದ್ದಕ್ಕೆ ಐದು ತಿಂಗಳು ಉಳಿಯಿತು. ಅದರಲ್ಲಿ ಎರಡು ಕಟ್ಟೆಯಲ್ಲಿ ಕಳೆಯಿತು.

ಹತ್ತನೆಯ ತಾರೀಖು ಸುಮಿ ಮಾರುವನ್ನು ಮಾರಿದೆ. ಹಿರೋಸೆ ತೆಗೆದುಕೊಂಡ. ಹೆಸರು ಅಳಿಸಿ ಬೇರೆ ಬರೆಸುತ್ತಾನಂತೆ. ಅವನ ದೋಣಿ, ಅವನ ಇಷ್ಟ.

ಇನ್ನು ಮುಚ್ಚಿಡಲು ಏನೂ ಉಳಿದಿಲ್ಲವಾದ್ದರಿಂದ ತಿಳಿಸಿದೆ.

ಇಸಾಕು


ಕವಾಗುಚಿ
28 ನವೆಂಬರ್ 2003

ಅಣ್ಣಾ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ವಿಳಾಸ ಬದಲಾಗಿದೆ, ಹಳೆಯ ಮನೆಯವರು ತಿರುಗಿಸಿ ಕಳಿಸಿದರು. ಈ ಸಲ ಹೂವಿನ ಒಕ್ಕಣೆ ಇಲ್ಲ. ನಾನು ಈಗ ಕಚೇರಿಯವನಲ್ಲ. ಆಗಸ್ಟಿನಲ್ಲಿ ಹೊರಗೆ ಹಾಕಿದರು. ಇಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಮೀನಿನ ತಟ್ಟೆಗಳಿಗೆ ಪ್ಲಾಸ್ಟಿಕ್ ಹೊದಿಸುತ್ತೇನೆ. ನಿನ್ನೆ ಒಂದು ತೈ ಬಂದಿತ್ತು, ನಮ್ಮ ಶಿಮಾನೆಯದೇ ಎಂದು ಚೀಟಿ. ಮುಖದ ಮೇಲೂ ಹೊದಿಸಿದೆ.

ತೆಗೆಯಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರು ಜನವರಿಯಲ್ಲೇ ಇತ್ತು. ಆ ನಡುಪುಟ ನನ್ನ ಕೊನೆಯ ಆಟ. ಅದು ಕೆಟ್ಟರೆ ಊರಿಗೇ ಬಂದುಬಿಡುವ ಆಸೆಯಿತ್ತು, ಯಾಕೆಂದರೆ ಫೆಬ್ರವರಿಯಲ್ಲಿ ನಿನ್ನನ್ನು ಕೆಲಸ ಕೇಳಿದ್ದು ತಮಾಷೆಗಲ್ಲ. ಪೂರ್ತಿ ನಿಜ. ನಿಜವನ್ನು ನಗುವಿನ ಡಬ್ಬಿಯಲ್ಲಿ ಹಾಕಿ ಮಾರುವುದೇ ನನ್ನ ವೃತ್ತಿ, ನಿನಗೂ ಹಾಗೇ ಕಳಿಸಿದೆ. ನೀನು ಡಬ್ಬಿ ನೋಡಿ ತಿರುಗಿಸಿ ಕಳಿಸಿದೆ. ಮೇ ತಿಂಗಳಲ್ಲಿ ಮೀಟಿಂಗೂ ಇರಲಿಲ್ಲ. ನೀನು ಬಾ ಅನ್ನಲಿ ಎಂದು ಕಾದಿದ್ದೆ.

ನೀನು ಹೇಳಿದ್ದರೆ ಆವತ್ತಿನ ಬಸ್ಸಿಗೇ ಹತ್ತುತ್ತಿದ್ದೆ. ಮುಂದೆ ನಿಂತು ದೀಪ ನೋಡಿ ಹೇಳುತ್ತಿದ್ದೆ, ಬಣ್ಣ ಎಣಿಸಿ ಕೊಡುತ್ತಿದ್ದೆ. ನಲವತ್ತೆಂಟು ವರ್ಷದಲ್ಲಿ ನಾನು ಚೆನ್ನಾಗಿ ಕಲಿತದ್ದು ಅದೊಂದೇ.

ಆದರೆ ಇದನ್ನೂ ಬರೆಯುತ್ತೇನೆ. ಎದುರಿನ ದೋಣಿಯ ಕೆಂಪು ಯಾವುದು ಹಸಿರು ಯಾವುದು ತಿಳಿಯದೆ ನೀನು ಎರಡು ವರ್ಷ ಕತ್ತಲಲ್ಲಿ ಹೊರಟೆ, ಬೆನ್ನ ಹಿಂದೆ ಹತ್ತು ಹನ್ನೆರಡು ಜನರನ್ನು ಕೂರಿಸಿಕೊಂಡು. ಅವರಲ್ಲಿ ಮಕ್ಕಳೂ ಇದ್ದರು. ಕತ್ತರಿಸಿ ಹೋದದ್ದು ಒಂದು ಮೀನಿನ ದಾರ ಮಾತ್ರ ಆದದ್ದು ನಿನ್ನ ಜಾಣತನದಿಂದಲ್ಲ. ನೀನು ದೋಣಿಯನ್ನು ಉಳಿಸಿಕೊಳ್ಳಲಿಲ್ಲ ಅಣ್ಣ, ಜೂಜಿಗೆ ಇಟ್ಟಿದ್ದೆ, ಬೇರೆಯವರ ಜೀವವನ್ನು ಪಣಕ್ಕಿಟ್ಟು.

ಇನ್ನೊಂದು. ನಿನ್ನ ಕಣ್ಣು ಹೋಯಿತೆಂದು ಓದಿ ನನಗೆ ಅಳು ಬರಲಿಲ್ಲ. ಬರುತ್ತದೆಂದು ನಾಲ್ಕು ದಿನ ಕಾದೆ. ಬರಲಿಲ್ಲ. ನಿನಗೆ ಕಣ್ಣಿಲ್ಲವೆಂದು ನಾನು ತಿಳಿಯುವುದಕ್ಕಿಂತ, ನಿನಗೆ ನನ್ನ ಮೇಲೆ ದ್ವೇಷವೆಂದು ನಾನು ತಿಳಿಯುವುದೇ ಮೇಲು ಎಂದುಕೊಂಡೆಯಲ್ಲ, ಅದು ಮಾತ್ರ ಪ್ರತಿದಿನ ಮೀನಿನ ತಟ್ಟೆ ಹೊದಿಸುವಾಗ ನೆನಪಿಗೆ ಬರುತ್ತದೆ.

ಸಂಘಕ್ಕೆ ಹೋದ ದೂರಿನ ಒಕ್ಕಣೆ ನನ್ನದು. ಅದನ್ನು ನಾನೂ ಅಳಿಸಲಾರೆ.

ದೋಣಿ ಇಲ್ಲದಿದ್ದರೂ ನೀನು ಕರೆದರೆ ಬರುತ್ತೇನೆ.

ನೊಬು


ಕೊಯಿಸೆ
6 ಡಿಸೆಂಬರ್ 2003

ನೊಬು,

ಇದು ತೊಮೆಕೊಳ ಕೈಬರಹ. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಹೇಳಿದ್ದನ್ನು ಹೇಳಿದ ಹಾಗೇ ಬರಿ ಅಂದಿದ್ದೇನೆ.

ಅಕ್ಷರವೂ ಈಗ ಹಿಡಿಯುವುದಿಲ್ಲ, ನಡುವಿನಲ್ಲಿ ಕರಗಿಹೋಗುತ್ತದೆ. ಹೋದ ಪತ್ರದಲ್ಲಿ ಅದನ್ನು ಬರೆದಿರಲಿಲ್ಲ. ಆದ್ದರಿಂದ ನಿನ್ನ ಪತ್ರವನ್ನು ಅವಳೇ ಓದಿ ಹೇಳಿದಳು. ಎರಡು ಕಡೆ ಬಿಟ್ಟಳು. ಮೊದಲನೆಯ ಕಡೆ ಕೆಮ್ಮಿದಳು. ಎರಡನೆಯ ಕಡೆ ಚಹಾದ ನೀರು ಕುದಿಯಿತೆಂದು ಎದ್ದುಹೋದಳು. ಒಲೆ ಹಚ್ಚಿರಲಿಲ್ಲ. ಕಣ್ಣು ಹೋದವನಿಗೆ ಇಷ್ಟು ಗೊತ್ತಾಗದೆ ಇರುತ್ತದೆಯೇ?

ಅಲ್ಲಿ ಏನಿತ್ತೆಂದು ಕೇಳಲಿಲ್ಲ, ಕೇಳುವುದೂ ಇಲ್ಲ. ಅದು ನನಗೆ ಸಲ್ಲಬೇಕಾದದ್ದೇ ಇರಬಹುದು.

ಕೆಲಸ ಕೇಳಿದ್ದು ನಿಜವೆಂದು ನೀನು ಬರೆದದ್ದನ್ನು ಎರಡು ಸಲ ಓದಿಸಿದೆ. ಬೇರೇನಾದರೂ ಬರುತ್ತದೆಂದು ಕೊನೆಯವರೆಗೂ ಕಾದೆ. ಈಗಲೂ ಬರುತ್ತೇನೆ ಎಂದು ಬರೆದಿರುತ್ತೀಯೇನೋ ಅಂದುಕೊಂಡೆ. ಬರೆದಿರಲಿಲ್ಲ. ಸರಿಯೇ. ದೋಣಿಯಿಲ್ಲದ ತಾಂಡೇಲನ ಹತ್ತಿರ ಬಂದು ಏನು ಮಾಡುತ್ತೀಯ?

ಇಸಾಕು

ನೊಬು, ಇನ್ನು ಇದು ನನ್ನ ಮಾತು, ಇವರಿಗೆ ಓದಿ ಹೇಳುವುದಿಲ್ಲ. ಇವರು ಎರಡು ಅಂದರು, ಬಿಟ್ಟದ್ದು ಮೂರು. ಕರೆದರೆ ಬರುತ್ತೇನೆಂದು ನೀನು ಬರೆದ ಕೊನೆಯ ಸಾಲನ್ನು ನಾನು ಓದಲಿಲ್ಲ. ಮೇಲಿನ ಮಾತುಗಳನ್ನು ಇವರು ಹೇಳುವಾಗ ಕೈ ಒಮ್ಮೆ ನಿಂತಿತು, ಆದರೂ ಹೇಳಿದ ಹಾಗೇ ಬರೆದೆ. ದೂರಿನ ಒಕ್ಕಣೆ ತಿದ್ದಿದ ಕೈ, ನಾಲ್ಕು ದಿನ ಕಾದರೂ ಅಳು ಬಾರದ ಕಣ್ಣು, ಇವುಗಳ ಆಸರೆಗೆ ಇವರನ್ನು ಒಪ್ಪಿಸಲು ನನಗೆ ಮನಸ್ಸಿಲ್ಲ. ಮೆಟ್ಟಿಲು ಇಳಿಸಲು ನಾನಿದ್ದೇನೆ. ನೀನು ಬರಬೇಡ.

ತೊಮೆಕೊ